ಥರ್ಮೋಸ್ಟಾಟ್ ತೆಗೆಸಿದರೆ ಮೈಲೇಜ್ ಹೆಚ್ಚುವುದಿಲ್ಲ: ಒಂದು ಸ್ಪಷ್ಟನೆ

"ಕಲಬುರಗಿಯ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ, ಹಳೆಯ ಎಸ್‌ಯುವಿಯಿಂದ ಅದನ್ನು ತೆಗೆಸಿದರೆ ಎಂಜಿನ್ ತಣ್ಣಗಿದ್ದು ಮೈಲೇಜ್ ಹೆಚ್ಚುತ್ತದೆ" ಎಂಬ ಸಂದೇಶವೊಂದು ನಮ್ಮ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಈ ಮಾತು ತಪ್ಪು. ಇದನ್ನು ನಂಬಿದವರಿಗೆ ಡೀಸೆಲ್ ಖರ್ಚು ಹೆಚ್ಚುವ ಸಾಧ್ಯತೆಯೇ ಜಾಸ್ತಿ.

ಥರ್ಮೋಸ್ಟಾಟ್ ಎಂಬುದು ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಚಿಕ್ಕ ಕವಾಟವಾಗಿದ್ದು, ಅದರೊಳಗಿನ ಮೇಣವು ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕರಗಿ ಹಿಗ್ಗಿದಾಗ ಮಾತ್ರ ಕೂಲಂಟನ್ನು (ಎಂಜಿನ್ ತಣಿಸುವ ದ್ರವವನ್ನು) ರೇಡಿಯೇಟರಿನತ್ತ ಬಿಡುತ್ತದೆ. ಮೇ ತಿಂಗಳ 42 ಡಿಗ್ರಿಯ ಬಿಸಿಲು ನಮ್ಮ ಮೈ ಸುಡಬಹುದು, ಆದರೆ ಎಂಜಿನ್ನಿಗೆ ಬೇಕಾದ ಬಿಸಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಕವಾಟವಿಲ್ಲದಿದ್ದರೆ ಎಂಜಿನ್ ಬಿಸಿಯಾಗಲು ತಡವಾಗಿ, ಆಯಿಲ್ ದಪ್ಪಗೇ ಉಳಿದು ಘರ್ಷಣೆ ಹೆಚ್ಚುತ್ತದೆ. ಸೆನ್ಸರ್ ಇರುವ ಗಾಡಿಗಳಲ್ಲಂತೂ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಹೆಚ್ಚು ಇಂಧನ ಕೊಡಬಹುದು. ಮನೆಯಿಂದ ಸೂಪರ್ ಮಾರ್ಕೆಟ್‌ವರೆಗೆ ಹೋಗಿಬರುವಂತಹ ಸಣ್ಣ ಓಡಾಟಗಳಲ್ಲಿ ಈ ನಷ್ಟ ಇನ್ನೂ ಹೆಚ್ಚು.

ನನ್ನ ಹಳೆಯ ಗಾಡಿಯಿಂದಲೂ ಮೆಕ್ಯಾನಿಕ್ ಒಬ್ಬರು ಇದನ್ನು ಹೇಳದೆ ಕೇಳದೆ ತೆಗೆದಿದ್ದರು. ಡಿಸೆಂಬರಿನ ಬೆಳಗಿನಲ್ಲಿ ಸೇಡಂ ರಸ್ತೆಯಲ್ಲಿ ಎಷ್ಟು ದೂರ ಓಡಿಸಿದರೂ ಬಿಸಿ ತೋರಿಸುವ ಮುಳ್ಳು ತಳ ಬಿಟ್ಟು ಏಳುತ್ತಿರಲಿಲ್ಲ.

ಗಾಡಿ ನಿಜವಾಗಿಯೂ ಕುದಿಯುತ್ತಿದ್ದರೆ ರೇಡಿಯೇಟರ್ ಕಟ್ಟಿಕೊಂಡಿದೆಯೇ, ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡಿಸಬೇಕು. ಮೈಲೇಜ್ ಇಳಿದಿದ್ದರೆ ಟೈರಿನ ಗಾಳಿಯನ್ನು ಪರೀಕ್ಷಿಸಿ, ಧೂಳು ತುಂಬಿದ ಏರ್ ಫಿಲ್ಟರ್ ಬದಲಿಸಿ, ಹೆಚ್ಚು ಬ್ರೇಕ್ ಹಾಕದೆ ಹತ್ತು ಕಿಲೋಮೀಟರ್ ಓಡಿಸಿದ ನಂತರ ಮುಟ್ಟದೆ ಪ್ರತಿ ಚಕ್ರದ ಬಳಿ ಕೈ ಹಿಡಿದು ನೋಡಿ: ಒಂದೇ ಚಕ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಂಭವವಿದೆ.