ಹಳದಿ ದಿನ, ನೀಲಿ ದಿನ

ಎರಡೂವರೆ ವರ್ಷದ ಮಕ್ಕಳಿಗೆ 'ಹಳದಿ ದಿನ' ಮಾಡಬೇಕೆಂದು ಮೊದಲು ಹೊಳೆದವರ ಮನೆಯಲ್ಲಿ ಆ ವಯಸ್ಸಿನ ಮಕ್ಕಳು ಇದ್ದಿರಲಾರರು. ಬೆಂಗಳೂರಿನ ಪ್ಲೇಗ್ರೂಪುಗಳಲ್ಲಿ ಈಗ ಇದು ತಪ್ಪದ ವ್ರತ. ರಾತ್ರಿ ಊಟ ಮುಗಿಯುವ ಹೊತ್ತಿಗೆ ವಾಟ್ಸಾಪಿನಲ್ಲಿ ಅಪ್ಪಣೆ ಬರುತ್ತದೆ: ನಾಳೆ ಹಳದಿ ಅಂಗಿ, ಹಳದಿ ತಿಂಡಿ, ಹಳದಿಯದೊಂದು ಸಾಮಾನು. ಆಮೇಲೆ ಅಂಗಿಗಾಗಿ ಅಕ್ಕಪಕ್ಕದ ಮನೆಗಳ ಕರೆಗಂಟೆ ಒತ್ತುವ ತಾಯಂದಿರ ಓಡಾಟ. ಈ ಸಲ ನಮ್ಮ ಕಟ್ಟಡದ ಪ್ಲೇಗ್ರೂಪಿಗೆ ಅಪ್ಪಣೆ ಹೊರಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಳದಿ ಸುಲಭ. ಚಿತ್ರಾನ್ನ, ಬಾಳೆಹಣ್ಣು, ಮೈಸೂರುಪಾಕು, ಸೇವಂತಿಗೆ, ನಿಂಬೆಹಣ್ಣು. ನಮ್ಮ ಅಡುಗೆಮನೆ, ದೇವರಮನೆ ಎರಡೂ ವರ್ಷವಿಡೀ ಹಳದಿ ದಿನವನ್ನೇ ಆಚರಿಸುತ್ತಿರುತ್ತವೆ. ಆದರೂ ಸಭೆಯಲ್ಲಿ ಜಗಳವಾಯಿತು, ಕೇಸರಿಬಾತಿನ ವಿಷಯಕ್ಕೆ. ಅದು ಹಳದಿಯೋ, ಕೇಸರಿಯೋ? ಮನೆಯಲ್ಲಿ ಮಾಡಿದರೆ ಹಳದಿ, ಹೋಟೆಲಿನದು ಕೇಸರಿ ಎಂಬಲ್ಲಿಗೆ ರಾಜಿಯಾಯಿತು. ಹಾಗೆ ನೋಡಿದರೆ ಚೌಚೌಬಾತಿನ ಒಂದೇ ತಟ್ಟೆಯಲ್ಲಿ ಎರಡು ದಿನದ ಕಾರ್ಯಕ್ರಮ ಮುಗಿಯುತ್ತದೆ.

ಆಟಕ್ಕೆ ಏನು ಮಾಡುವುದು? ತೊಗರಿಬೇಳೆ, ಹೆಸರುಕಾಳು ಬೆರೆಸಿಟ್ಟು ಬಣ್ಣ ಬಣ್ಣ ಬೇರೆ ಮಾಡಿಸೋಣ ಎಂದರು ಒಬ್ಬರು. ಬೇಳೆ ಬಟ್ಟಲಿಗಿಂತ ಬೇಗ ಮೂಗಿನ ಹೊಳ್ಳೆ ಸೇರುತ್ತದೆ ಎಂಬುದು ಮಕ್ಕಳನ್ನು ಸಾಕಿದ ಎಲ್ಲರಿಗೂ ಗೊತ್ತು. ಅದರ ಬದಲು ದೊಣ್ಣೆಮೆಣಸಿನಕಾಯಿ ತರುವುದೆಂದಾಯಿತು. ಕೆಂಪು, ಹಳದಿ, ಹಸಿರು ಮೂರೂ ಸಿಗುತ್ತವೆ, ಯಾವ ಮೂಗಿಗೂ ಹಿಡಿಸುವುದಿಲ್ಲ.

ನನಗೆ ಮೆಚ್ಚಾದದ್ದು ಅರಿಶಿನದ ಆಟ. ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿ, ಆ ಕಲೆಗೆ ಬಾರ್ ಸೋಪು ತಿಕ್ಕಿದವರಿಗೆ ಗೊತ್ತು: ಹಳದಿ ಕಲೆ ಕ್ಷಣದಲ್ಲಿ ರಕ್ತದಂತೆ ಕೆಂಪಾಗುತ್ತದೆ. ಕ್ಷಾರ ಸೋಕಿದರೆ ಅರಿಶಿನದ ಗುಣವೇ ಅದು. ಆರತಿಯ ಓಕುಳಿ ನೀರು ಕೆಂಪಾಗುವುದೂ ಸುಣ್ಣ ಬೆರೆತೇ. ಮಕ್ಕಳ ಕೈಗೆ ಸುಣ್ಣ ಕೊಡುವಂತಿಲ್ಲ, ಚರ್ಮ ಸುಡುತ್ತದೆ. ಅರಿಶಿನ ಬಳಿದು ಒಣಗಿಸಿದ ಕಾಗದ ಮತ್ತು ಅಡುಗೆಸೋಡ ಕದಡಿದ ನೀರು ಸಾಕು. ಬೆರಳು ಅದ್ದಿ ಮುಟ್ಟಿದಲ್ಲೆಲ್ಲ ಕೆಂಪು. ಹಳದಿ ದಿನದ ನಡುವೆ ಕೆಂಪು ನುಗ್ಗಿತಲ್ಲ ಎಂದು ಶಿಸ್ತಿನವರು ಆಕ್ಷೇಪಿಸಿದರು. ನುಗ್ಗಲಿ ಬಿಡಿ.

ಸೋಲಿಸಿದ್ದು ನೀಲಿ. ನೀಲಿ ತಿಂಡಿ ಯಾವುದು ಹೇಳಿ ನೋಡೋಣ. ನೇರಳೆಹಣ್ಣು ನಾಲಿಗೆಗೆ ಬಣ್ಣ ಹಚ್ಚುತ್ತದೆ, ಆದರೆ ಅದು ನೀಲಿಯಲ್ಲ, ಬದನೆಕಾಯಿಯೂ ಅಲ್ಲ. ಕೊನೆಗೆ ಕಾಂಪೌಂಡಿನ ಬೇಲಿಗೆ ಹಬ್ಬಿದ್ದ ಶಂಖಪುಷ್ಪ ನೆನಪಾಯಿತು. ಅದರ ಎಸಳು ಕುದಿಸಿದ ನೀರಿನಲ್ಲಿ ಅನ್ನ ಮಾಡಿ ತೋರಿಸಿದೆ. ಮೂರನೇ ಮಹಡಿಯ ಅಜ್ಜಿ ಮುಚ್ಚಳ ತೆಗೆದು, "ಇದನ್ನ ನೀಲಕಂಠನಿಗೆ ನೈವೇದ್ಯ ಮಾಡಮ್ಮ, ಮಕ್ಕಳಿಗೆ ಬೇಡ" ಎಂದುಬಿಟ್ಟರು. ಸಮಾಧಾನಕ್ಕೆಂದು ನಿಂಬೆರಸ ಹಿಂಡಿದೆ. ಅನ್ನ ನೇರಳೆ ಬಣ್ಣಕ್ಕೆ ತಿರುಗಿತು. ಅಜ್ಜಿ ಇನ್ನೊಂದು ಹೆಜ್ಜೆ ಹಿಂದೆ ಸರಿದರು.

ಇಷ್ಟೆಲ್ಲ ಮಾಡಿದರೂ ಈ ವಯಸ್ಸಿಗೆ ಬಣ್ಣ ಕಾಣುತ್ತದೆಯೇ ಹೊರತು ಹೆಸರು ಕೂರುವುದಿಲ್ಲ. ಕಾಗೆಯಿಂದ ಹಿಡಿದು ಕಾರಿನವರೆಗೆ ಎಲ್ಲವೂ 'ರೆಡ್ಡು' ಎನ್ನುವ ಕಾಲ. ತನ್ನ ಮಕ್ಕಳಿಗೆ ಬಣ್ಣಗುರುಡೇ ಇರಬೇಕೆಂದು ಡಾರ್ವಿನ್ನನಂಥವನೇ ಶಂಕಿಸಿದ್ದನಂತೆ. 1877ರಲ್ಲಿ ಅದನ್ನು ಬರೆದೂ ಇದ್ದಾನೆ. ಆಮೇಲೆ ಮಕ್ಕಳು ತಾವಾಗಿ ಕಲಿತರು. ನಮ್ಮ ತಾಯಂದಿರಿಗೆ ಇದನ್ನು ಹೇಳಿದೆ. "ಅವರ ಕಾಲದಲ್ಲಿ ನರ್ಸರಿ ಸೀಟಿಗೆ ಇಂಟರ್‌ವ್ಯೂ ಇತ್ತಾ ಆಂಟಿ?" ಎಂದು ಕೇಳಿದಳೊಬ್ಬಳು. ನನ್ನಲ್ಲಿ ಉತ್ತರವಿರಲಿಲ್ಲ.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಕಪ್ಪು. ಎಳೆ ಮಕ್ಕಳಿಗೆ ಕಪ್ಪು ಬಟ್ಟೆ ತೊಡಿಸುವುದೇ ಎಂದು ಅಜ್ಜಿಯಂದಿರು ಒಕ್ಕೊರಲಿನಿಂದ ತಡೆದರು. ಕಪ್ಪು ದಿನ ರದ್ದಾಯಿತು. ಹಳದಿ ದಿನದ ಬೆಳಿಗ್ಗೆ ಮಕ್ಕಳು ಹಳದಿ ಅಂಗಿ ತೊಟ್ಟು, ಹಳದಿ ಡಬ್ಬಿ ಹಿಡಿದು ಬಂದರು. ಎಲ್ಲರ ಕೆನ್ನೆಯ ಮೇಲೂ ಅದೇ ಅಜ್ಜಿಯಂದಿರು ಇಟ್ಟ ಕಾಡಿಗೆಯ ದೃಷ್ಟಿಬೊಟ್ಟು.