ಎರಡನೇ ಕಿಡಿ

ಹೋದ ಮಳೆಗಾಲದಲ್ಲಿ ನನ್ನ ಹಳೇ ಟ್ವಿನ್ ಸ್ಪಾರ್ಕ್ ಬೈಕು ಯಾಕೋ ಮಂಕಾಗಿತ್ತು. ದಾರಿಯಲ್ಲಿ ನಿಲ್ಲಲಿಲ್ಲ, ಕೆಮ್ಮಲೂ ಇಲ್ಲ. ಏರು ಬಂದಾಗ ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ಹತ್ತುತ್ತಿತ್ತು. ಪೆಟ್ರೋಲ್ ಸರಿಯಿಲ್ಲ ಅಂತ ಬೈದೆ, ಬಂಕ್ ಬದಲಾಯಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ. ಮೂರು ವಾರ ಆದಮೇಲೆ ಗ್ಯಾರೇಜಿನ ಹುಡುಗ ಬಗ್ಗಿ ನೋಡಿ, "ಅಣ್ಣಾ, ಒಂದ್ ಪ್ಲಗ್ಗಿಗೆ ಕ್ಯಾಪೇ ಹಾಕಿಲ್ವಲ್ಲ" ಅಂದ. ಬೈಕ್ ತೊಳೆದ ದಿನ ಬಿಚ್ಚಿದ್ದು ನಾನೇ. ಕ್ಯಾಪ್ ಸಿಲಿಂಡರಿನ ಪಕ್ಕ ಜೋತಾಡುತ್ತಿತ್ತು, ಅದರ ಬಾಯಿ ತುಂಬ ಒಣಗಿದ ಕೆಸರು.

ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ ಒಂದು ಸಿಲಿಂಡರಿಗೆ ಎರಡಿದ್ದರೆ ಇದೇ ತಮಾಷೆ. ಒಂದು ಕೈಕೊಟ್ಟರೂ ಇನ್ನೊಂದು ಹೇಗೋ ಸಂಸಾರ ತೂಗಿಸುತ್ತದೆ, ಯಜಮಾನನಿಗೆ ಸುದ್ದಿಯೇ ಮುಟ್ಟುವುದಿಲ್ಲ.

ನಮ್ಮ ಬೀದಿಗೆ ಈ ಎರಡು ಕಿಡಿಯ ಮಾತು ಬಂದದ್ದು 2003ರಲ್ಲಿ, ಬಜಾಜಿನ ಪಲ್ಸರ್ ಡಿಟಿಎಸ್-ಐ ಬೈಕಿನ ಜೊತೆ. ಜರ್ಮನಿಯಲ್ಲಿ ಪೋರ್ಷೆಯವರು ಇದನ್ನು 1960ರ ದಶಕದಲ್ಲೇ ರೇಸ್ ಕಾರಿಗೆ ಹಾಕಿದ್ದರು, 1967ರ 911 ಆರ್ ಕಾರ್‌ನಲ್ಲೂ ಇತ್ತು. ಆ ಎಂಜಿನ್‌ಗಳಿಗೆ ನೀರಿನ ರೇಡಿಯೇಟರ್ ಇಲ್ಲ. ದೊಡ್ಡ ಫ್ಯಾನಿನ ಗಾಳಿ ಮತ್ತು ಆಯಿಲ್, ಅಷ್ಟರಲ್ಲೇ ತಣ್ಣಗಾಗಬೇಕು. ಒಳಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಎರಡು ದೊಡ್ಡ ವಾಲ್ವ್ ಜಾಗ ಹಿಡಿದಿರುವುದರಿಂದ ಪ್ಲಗ್ ಒಂದು ಪಕ್ಕಕ್ಕೆ ಸರಿದು ಕೂತಿರುತ್ತದೆ. ಕಂಪ್ರೆಶನ್, ಅಂದರೆ ಒಳಗಿನ ಗ್ಯಾಸನ್ನು ಒತ್ತುವುದು, ಜಾಸ್ತಿ ಬೇಕು ಅಂತ ರೇಸಿನವರು ಪಿಸ್ಟನ್ ನೆತ್ತಿಯನ್ನು ಗುಡ್ಡದಂತೆ ಉಬ್ಬಿಸುತ್ತಾರೆ. ಆಗ ಬೆಂಕಿ ಈ ಬದಿಯಲ್ಲಿ ಹೊತ್ತಿ, ಗುಡ್ಡ ದಾಟಿ, ಆ ಬದಿಗೆ ಹೋಗಬೇಕು.

ನಮ್ಮಜ್ಜಿ ಮನೆಯ ಬಚ್ಚಲ ಒಲೆಯೂ ಹೀಗೇ ಇತ್ತು. ಒಂದೇ ಕಡೆ ಹಚ್ಚಿದರೆ ಉರಿ ಆ ತುದಿ ಮುಟ್ಟುವಷ್ಟರಲ್ಲಿ ಸ್ಕೂಲ್ ಬಸ್ ಬಂದಿರುತ್ತಿತ್ತು, ಅದಕ್ಕೇ ಅಜ್ಜಿ ಐದಕ್ಕೇ ಎದ್ದು ಹಚ್ಚುತ್ತಿದ್ದಳು. ಎರಡೂ ಕಡೆ ತೆಂಗಿನ ಸಿಪ್ಪೆ ತುರುಕಿ ಕಡ್ಡಿ ಗೀರಿದ ದಿನ ಐದೂವರೆಗೆ ಎದ್ದರೂ ನಡೆಯುತ್ತಿತ್ತು.

ಎಂಜಿನ್ನಿನಲ್ಲೂ ಲಾಭ ಆ ಅರ್ಧ ಗಂಟೆಯದೇ. ಒಂದೇ ಪ್ಲಗ್ ಇದ್ದಾಗ, ಪಿಸ್ಟನ್ ತುದಿ ಮುಟ್ಟಲು ಅದರ ಕೆಳಗೆ ತಿರುಗುವ ದಂಡ, ಕ್ರ್ಯಾಂಕ್, ಇನ್ನೂ 30-35 ಡಿಗ್ರಿ ತಿರುಗಬೇಕು ಅನ್ನುವಾಗಲೇ ಕಿಡಿ ಹಾರಿಸಬೇಕು. ಪಿಸ್ಟನ್ ಮೇಲೆ ಬರುತ್ತಿದೆ, ಬೆಂಕಿ ಆಗಲೇ ಅದರ ತಲೆ ಒತ್ತುತ್ತಿದೆ. ಆ ಮೂಲೆಯಲ್ಲಿ ಉಳಿದ ಗ್ಯಾಸ್ ಕಾದು ತಾನೇ ಹೊತ್ತಿಕೊಂಡರೆ ಟಣಟಣ ಅಂತ ನಾಕಿಂಗ್, ಜಾಸ್ತಿಯಾದರೆ ಪಿಸ್ಟನ್ನಿಗೇ ತೂತು. ಎರಡು ಕಿಡಿ ಇದ್ದರೆ ದಾರಿ ಹೆಚ್ಚುಕಮ್ಮಿ ಅರ್ಧ, ಹಾಗಾಗಿ 25 ಡಿಗ್ರಿ ಆಸುಪಾಸಿಗೆ ತಡೆದು ಹಚ್ಚಬಹುದು. ಹೊಸಬರು ಎಡವುವುದು ಇಲ್ಲೇ. ಸಿಲಿಂಡರಿನ ಮುಚ್ಚಳ ಹೆಡ್ಡಿಗೆ ತೂತು ಕೊರೆಸಿ, ಎರಡನೇ ಪ್ಲಗ್ ಹಾಕಿಸಿ, ಕಿಡಿಯ ಟೈಮಿಂಗ್ ಹಳೆಯದೇ ಬಿಡುತ್ತಾರೆ. ಅಷ್ಟು ಖರ್ಚು ಮಾಡಿದ್ದು ತಡ ಮಾಡುವ ಹಕ್ಕಿಗೆ ಅನ್ನುವುದೇ ಮರೆತುಹೋಗಿರುತ್ತದೆ. ಸ್ಪೀಡಿನ ಕಾರಿನವರಿಗೆ ತಡ ಮಾಡಿ ಅಂದರೆ ಒಗ್ಗುವುದೂ ಕಷ್ಟ, ಅಲ್ವಾ?

ಮುಂದೆ 1989ರ ಹೊತ್ತಿಗೆ ಬಂದ 964 ಅನ್ನುವ 911ರಲ್ಲಿ ರಸ್ತೆ ಕಾರಿಗೂ ಇದು ಇಳಿಯಿತು. ಆರು ಸಿಲಿಂಡರ್, 12 ಪ್ಲಗ್. ಅದರಲ್ಲಿ ಆರು ಎಂಜಿನ್ನಿನ ಅಡಿಗೆ, ಕಾರಿನ ಕೆಳಗೆ ಮಲಗಿಯೇ ಬಿಚ್ಚಬೇಕು. ಕಿಡಿ ಹಂಚಲು ಎರಡು ಡಿಸ್ಟ್ರಿಬ್ಯೂಟರ್, ಎರಡನೆಯದನ್ನು ತಿರುಗಿಸಲು ಒಳಗೊಂದು ಪುಟ್ಟ ಬೆಲ್ಟ್. ಕಿಡಿಯಿಂದ ಹುಟ್ಟುವ ಓಝೋನ್ ಆ ಬೆಲ್ಟನ್ನು ತಿನ್ನುತ್ತದೆ ಅಂತ ಆಮೇಲೆ ಅದಕ್ಕೆ ಗಾಳಿ ಆಡುವ ವ್ಯವಸ್ಥೆ ಮಾಡಿದರು. ಬೆಲ್ಟ್ ಹರಿದರೆ ತಿರುಗುತ್ತಾ ಕಿಡಿ ಹಂಚುವ ಎರಡನೇ ರೋಟರ್ ನಿಂತಲ್ಲೇ ನಿಲ್ಲುತ್ತದೆ, ಆದರೆ ಕಾಯಿಲ್ ಕಿಡಿ ಕಳಿಸುತ್ತಲೇ ಇರುತ್ತದೆ. ಆರು ಜನರ ಪಾಲು ಒಂದೇ ಸಿಲಿಂಡರಿಗೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ! ಓಡಿಸುವವನಿಗೆ ಗೊತ್ತಾಗುವುದು ಸ್ವಲ್ಪ ಮಂಕು, ಅಷ್ಟೇ. ನನ್ನ ಬೈಕಿನ ಥರಾನೇ. ಆದರೆ ಅಲ್ಲಿ ಮೂರು ವಾರ ಬಿಟ್ಟರೆ ಎಂಜಿನ್ ಬಿಚ್ಚಬೇಕಾಗಬಹುದು.

ನನ್ನದಕ್ಕೆ ಹುಡುಗ ಕ್ಯಾಪ್ ಒರೆಸಿ, ಪ್ಲಗ್ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದ. ಟಕ್ ಅಂತ ಕೂತಿತು. ಎಷ್ಟಾಯ್ತು ಅಂದರೆ "ಇದಕ್ಕೇನ್ ತಗೊಳ್ಳೋದು, ಹೋಗಣ್ಣ" ಅಂದ. ವಾಪಸ್ ಬರುವಾಗ ಹಳೇ ಬಂಕಿಗೇ ನುಗ್ಗಿಸಿ, ಫುಲ್ ಟ್ಯಾಂಕ್ ಹಾಕಿಸಿದೆ.