ಇದರಲ್ಲಿ ಕೂರೋದು ಯಾವಾಗ?

2023ರ ಮೇ ತಿಂಗಳು. ಶನಿವಾರ ನಾಲ್ಕು ಜನ ಸೇರಿ ಸ್ಯಾಕ್ಸನ್ ಸ್ವಿಟ್ಜರ್‌ಲೆಂಡ್ ಕಡೆ ಹೋಗಿಬರೋಣ ಅಂತ ಮಾತಾಯಿತು. ಹೆಸರು ಸ್ವಿಟ್ಜರ್‌ಲೆಂಡ್ ಆದರೂ ಅದಿರುವುದು ಜರ್ಮನಿಯಲ್ಲೇ. ನಾನು ಓದುತ್ತಿದ್ದ ಡ್ರೆಸ್ಡೆನ್‌ನಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಬಂಡೆಬೆಟ್ಟಗಳ ನಡುವೆ ಇಳಿಯಬಹುದು. ಹದಿನೆಂಟನೇ ಶತಮಾನದಲ್ಲಿ ಡ್ರೆಸ್ಡೆನ್‌ಗೆ ಬಂದಿದ್ದ ಇಬ್ಬರು ಸ್ವಿಸ್ ಚಿತ್ರಕಾರರಿಗೆ ಆ ಜಾಗ ನೋಡಿ ತಮ್ಮ ಊರು ನೆನಪಾಯಿತಂತೆ. ಹೆಸರು ಬಂದದ್ದು ಅದರಿಂದ. ಊರು ಬಿಟ್ಟು ಬಂದವರು ಹೋದಲ್ಲೆಲ್ಲ ಊರನ್ನೇ ಹುಡುಕುತ್ತಾರೆ ಅನ್ನೋದು ನನಗಂತೂ ಚೆನ್ನಾಗಿ ಗೊತ್ತು.

ಪ್ಲಾನ್ ಮಾಡುವ ಕೆಲಸ ನಾನೇ ವಹಿಸಿಕೊಂಡೆ. ಶುಕ್ರವಾರ ರಾತ್ರಿ ಕೂತು ಎಲ್ಲ ಬರೆದೆ. ಬೆಳಗ್ಗೆ ಏಳಕ್ಕೆ ರೈಲು. ಮೊದಲು ಪಿರ್ನಾದ ಹಳೇ ಪೇಟೆ. ಆಮೇಲೆ ರಾಟೆನ್, ಅಲ್ಲಿಂದ ಬಾಸ್ಟಾಯ್ ಸೇತುವೆ. ಮಧ್ಯಾಹ್ನ ಕ್ಯೋನಿಗ್‌ಸ್ಟೈನ್ ಕೋಟೆ. ಬೆಟ್ಟದ ಮೇಲಿನ ಆ ಕೋಟೆಯಲ್ಲಿ 152 ಮೀಟರ್ ಆಳದ ಬಾವಿ ಇದೆ ಅಂತ ಓದಿದ್ದೆ, ಅದನ್ನು ಬಿಡೋ ಹಾಗೇ ಇರಲಿಲ್ಲ. ಅಲ್ಲಿಂದ ಬಾಡ್ ಶಾಂಡೌ, 1898ರಿಂದ ಓಡುತ್ತಿರುವ ಕಾಡಿನ ಟ್ರಾಮ್, ಅದರ ಕೊನೆಯಲ್ಲಿ ಒಂದು ಜಲಪಾತ. ರಾತ್ರಿ ಎಂಟಕ್ಕೆ ವಾಪಸ್. ಒಂದೊಂದರ ಮುಂದೆಯೂ ಎಷ್ಟು ನಿಮಿಷ ಅಂತ ಬರೆದು ಗ್ರೂಪಿಗೆ ಹಾಕಿದೆ. ನನಗೇ ಹೆಮ್ಮೆ ಆಗಿತ್ತು.

ಬೆಳಗ್ಗೆ ಸ್ಟೇಷನ್ನಿನಲ್ಲಿ ನಮ್ಮ ಕ್ಲಾಸಿನ ಜರ್ಮನ್ ಗೆಳತಿ ಫೋನ್ ತೆಗೆದು ಅದನ್ನು ಮತ್ತೊಮ್ಮೆ ಓದಿದಳು. ಬೇಜಾರೇನೂ ಇಲ್ಲದೆ, ನಿಜವಾಗಿಯೂ ತಿಳಿಯಬೇಕು ಅನ್ನೋ ಹಾಗೆ ಕೇಳಿದಳು.

"ಎಲ್ಲ ಸರಿ, ಇದರಲ್ಲಿ ಕೂರೋದು ಯಾವಾಗ?"

ಮನಸ್ಸಿಗೆ ಚುರುಕ್ ಅಂದಿತು. ಕೂರೋದಕ್ಕೆ ಅಷ್ಟು ದೂರ ಹೋಗಬೇಕಾ? ಕೂರೋದಾದರೆ ರೂಮಲ್ಲೇ ಕೂರಬಹುದಲ್ವಾ? ಬಾಯಿಗೆ ಬಂದಿತ್ತು, ಹೇಳಲಿಲ್ಲ. ಕೊನೆಗೆ ಪಿರ್ನಾ ಬಿಟ್ಟೆವು, ಕೋಟೆ ಬಿಟ್ಟೆವು, ಟ್ರಾಮೂ ಬಿಟ್ಟೆವು. ಇಡೀ ದಿನಕ್ಕೆ ರಾಟೆನ್ ಒಂದೇ. ಕೋಟೆ ಹೋಯಿತಲ್ಲ ಅಂತ ನಾನು ಮುಖ ಸಣ್ಣ ಮಾಡಿಕೊಂಡಾಗ ಅವಳು "ಮುಂದಿನ ಸಲ" ಅಂದಳು. ಅದೇನು ದೊಡ್ಡ ವಿಷಯ ಅನ್ನೋ ಹಾಗೆ.

ರಾಟೆನ್‌ನಲ್ಲಿ ರೈಲು ಇಳಿದರೆ ನೀವು ಎಲ್ಬೆ ನದಿಯ ಈ ದಡದಲ್ಲಿ. ಬೆಟ್ಟ ಇರುವುದು ಆ ದಡದಲ್ಲಿ. ದಾಟಲು ಒಂದು ಫೆರಿ ಇದೆ. ಹತ್ತಿ ನಿಂತೆವು. ಇಂಜಿನ್ ಸದ್ದು ಬರುತ್ತೆ ಅಂತ ಕಾದೆ, ಬರಲಿಲ್ಲ. ಸುಮ್ನೆ ಹೊರಟೇಬಿಟ್ಟಿತು. ಕಾಲ ಕೆಳಗೆ ನೀರು ಸರಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಗೊತ್ತಾಯಿತು, ಈ ದೋಣಿಯನ್ನು ನಡೆಸುವುದು ನದಿಯೇ. ನೀರು ಬರುವ ಕಡೆ, ದೂರದಲ್ಲಿ ಲಂಗರು ಹಾಕಿ, ಉದ್ದನೆಯ ಹಗ್ಗದಲ್ಲಿ ದೋಣಿಯನ್ನು ಕಟ್ಟಿದ್ದಾರೆ. ದೋಣಿಯನ್ನು ಹರಿವಿಗೆ ಸ್ವಲ್ಪ ಓರೆಯಾಗಿ ತಿರುಗಿಸಿದರೆ ಸಾಕು, ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ವಾಪಸ್ ಬರಬೇಕಾದರೆ ಇನ್ನೊಂದು ಕಡೆಗೆ ಓರೆ.

ಆಚೆ ದಡದಲ್ಲಿ ಇಳಿದು ನಾವು ಬೆಟ್ಟ ಹತ್ತಲಿಲ್ಲ. ಹುಲ್ಲಿನ ಮೇಲೆ ಕೂತೆವು. ಫೆರಿ ಹೋಗೋದು, ಬರೋದು, ಹೋಗೋದು, ಬರೋದು. ಅರ್ಧ ಗಂಟೆ ಅದನ್ನೇ ನೋಡಿದೆವು. ಮೊದಲ ಹತ್ತು ನಿಮಿಷ ನನಗೆ ಕೂತಲ್ಲಿ ಕೂರಲು ಆಗಲಿಲ್ಲ, ಎರಡು ಮೂರು ಸಲ ಗಡಿಯಾರ ನೋಡಿದೆ. ಆಮೇಲೆ ಹಗ್ಗ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲವಾಗುತ್ತದೆ ಅನ್ನೋದು ಕಾಣತೊಡಗಿತು. ದಡ ಹತ್ತಿರ ಬಂದಾಗ ದೋಣಿ ನಡೆಸುವವರು ಯಾವ ಆತುರವೂ ಇಲ್ಲದೆ ಅದನ್ನು ನೇರ ಮಾಡಿಕೊಳ್ಳೋದು ಕಂಡಿತು. ಗುಂಟೂರಿನ ಗೆಳೆಯ ನಾನು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನದ ಡಬ್ಬಿ ತೆಗೆದ. ಹತ್ತೂವರೆಗೇ ಊಟ ಶುರುವಾಯಿತು.

ಆ ಮೇಲೆ ಬಾಸ್ಟಾಯ್ ಹತ್ತಿದೆವು. ನದಿಯಿಂದ 194 ಮೀಟರ್ ಮೇಲೆ, ಬಂಡೆಯಿಂದ ಬಂಡೆಗೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ಚೆನ್ನಾಗಿದೆ, ಫೋಟೋದಲ್ಲಿ ಕಾಣುವ ಹಾಗೇ ಇದೆ. ಜನವೂ ಜಾಸ್ತಿ. ಆದರೆ ಅಲ್ಲಿ ನಿಂತು ಕೆಳಗೆ ನೋಡಿದಾಗ ನನ್ನ ಕಣ್ಣು ಹುಡುಕಿದ್ದು ಆ ಫೆರಿಯನ್ನು. ಇರುವೆಯಷ್ಟು ಚಿಕ್ಕದಾಗಿ ಆಚೆಯಿಂದ ಈಚೆಗೆ ಬರ್ತಾ ಇತ್ತು. ಅದು ಹೇಗೆ ಹೋಗುತ್ತೆ ಅಂತ ನನಗೆ ಗೊತ್ತಿತ್ತು.

ಈಗ ನಮ್ಮ ಕಡೆಯ ಟ್ರಿಪ್ ನೆನೆಸಿಕೊಳ್ಳಿ. ನನ್ನೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ವರ್ಷಕ್ಕೊಂದು ಸಲ, ಬೇಸಿಗೆ ರಜೆಯಲ್ಲಿ, ಚಿಕ್ಕಪ್ಪನ ಮನೆಯವರು, ಅತ್ತೆ ಮನೆಯವರು ಎಲ್ಲ ಸೇರಿ ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಮಾಡಿಸುತ್ತಿದ್ದರು. ನಸುಕಿನ ನಾಲ್ಕಕ್ಕೆ ಎದ್ದರೆ ಅಮ್ಮ ಅಷ್ಟರಲ್ಲಾಗಲೇ ಪುಳಿಯೋಗರೆ ಕಲಸಿ ಮುಗಿಸಿರುತ್ತಿದ್ದಳು. ಚಕ್ರಕ್ಕೆ ನಿಂಬೆಹಣ್ಣು, ಅಜ್ಜಿಗೆ ಕಿಟಕಿ ಪಕ್ಕ ಸೀಟು, ಹೊರಟೆವು. ಒಂದೇ ದಿನಕ್ಕೆ ಹಳೇಬೀಡು, ಬೇಲೂರು, ಶ್ರವಣಬೆಳಗೊಳ. ಇನ್ನೊಂದು ವರ್ಷ ಎರಡು ದಿನಕ್ಕೆ ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು. ಎಲ್ಲಿ ಇಳಿದರೂ ಒಂದೇ ಮಾತು. "ಬೇಗ ಬೇಗ ನೋಡ್ಕೊಂಡು ಬನ್ರಪ್ಪ, ಮುಂದೆ ಇನ್ನೂ ಇದೆ."

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿ ಸೇರಿದವು. ಅದೇ ಜರ್ಮನ್ ಗೆಳತಿ ಸುದ್ದಿ ತೋರಿಸಿ, "ಇದು ನಿಮ್ಮ ಊರ ಕಡೆಯದ್ದಲ್ವಾ? ನೋಡಿದ್ದೀಯಾ? ಹೇಗಿದೆ?" ಅಂದಳು. ನೋಡಿದ್ದೀನಿ ಅಂದೆ. ಹೇಗಿದೆ ಅನ್ನೋದಕ್ಕೆ ಬಾಯಿ ಬರಲಿಲ್ಲ. ಬೇಲೂರು ಅಂದರೆ ನನಗೆ ನೆನಪಿರುವುದು ಕಾಲು ಸುಡುವ ಚಪ್ಪಡಿ, ನೆರಳು ಸಿಗುವ ತನಕ ಓಡಿದ್ದು, ದೇವಸ್ಥಾನದ ಮುಂದೆ ಸಾಲಾಗಿ ನಿಂತು ತೆಗೆಸಿದ ಫೋಟೋ, ಗೇಟಿನ ಹತ್ತಿರ ನಿಂತು ಕೈ ಬೀಸಿ ಕರೆಯುತ್ತಿದ್ದ ಡ್ರೈವರ್. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 42 ಮದನಿಕೆಯರಿದ್ದಾರೆ. ಇದೆಲ್ಲ ಸ್ಕೂಲಿನ ಪುಸ್ತಕದಲ್ಲಿ ಓದಿದ್ದು. ಒಬ್ಬಳ ಮುಖವನ್ನೂ ನಾನು ನಿಂತು ನೋಡಿರಲಿಲ್ಲ. ಅವರ ಕೆಳಗೇ ಓಡಾಡಿದ್ದೀನಿ. ಆ ದಿನ ರೂಮಿಗೆ ಬಂದು ಕಂಪ್ಯೂಟರಿನಲ್ಲಿ ಒಬ್ಬೊಬ್ಬರದೇ ಚಿತ್ರ ತೆಗೆದು ನೋಡಿದೆ. ತಿಪಟೂರಿನಿಂದ ಎರಡು ಬಸ್ಸಿನಷ್ಟು ದೂರ ಇರುವುದನ್ನು ನೋಡೋಕೆ ನಾನು ಡ್ರೆಸ್ಡೆನ್‌ಗೆ ಬರಬೇಕಾಯಿತಲ್ಲ ಅಂತ ತುಂಬಾ ಸಂಕಟವಾಯಿತು.

ಇಲ್ಲಿಗೆ ಓದಲು ಬರುವ ನಮ್ಮ ಹುಡುಗರೂ ಇದೇ ಚಾಳಿ ಹೊತ್ತುಕೊಂಡೇ ಬರುತ್ತಾರೆ. ಮೂರು ದಿನಕ್ಕೆ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್. ರಾತ್ರಿ ಬಸ್ಸಿನಲ್ಲಿ ನಿದ್ದೆ, ಬೆಳಗ್ಗೆ ಸ್ಟೇಷನ್ನಿನಲ್ಲಿ ಮುಖ ತೊಳೆದು ಓಡೋದು. ಬಂದ ಹೊಸದರಲ್ಲಿ ನಾನೂ ಹಾಗೇ ಹೋದೆ. ಪ್ರಾಗ್‌ನಲ್ಲಿ 1410ರ ಒಂದು ಗಡಿಯಾರ ಇದೆ. ಹಗಲಿನಲ್ಲಿ ಪ್ರತಿ ಗಂಟೆ ಹೊಡೆಯುವಾಗ ಮೇಲಿನ ಎರಡು ಕಿಂಡಿ ತೆರೆದು ಹನ್ನೆರಡು ಬೊಂಬೆಗಳು ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಜನ ಕತ್ತೆತ್ತಿ ನಿಂತಿದ್ದರು. ಗಂಟೆ ಹೊಡೆಯಲು ಏಳು ನಿಮಿಷ ಇತ್ತು. ಬಸ್ ತಪ್ಪುತ್ತೆ ಅಂತ ನಾವು ಹೊರಟೆವು. ಗಡಿಯಾರದ ಫೋಟೋ ನನ್ನ ಫೋನಿನಲ್ಲಿದೆ, ಎರಡು ಕಿಂಡಿಯೂ ಮುಚ್ಚಿವೆ.

ಇದನ್ನು ಬರೀ ನಮ್ಮ ಆತುರ ಅಂತ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಇದು ನೋಡುವ ರೀತಿಯೇ ಬೇರೆ. ನಮ್ಮಲ್ಲಿ ಟ್ರಿಪ್ ಅಂದರೆ ಲೆಕ್ಕ. ವಾಪಸ್ ಬಂದ ಮೇಲೆ ಪಕ್ಕದ ಮನೆಯವರು ಕೇಳೋದು "ಏನೇನು ನೋಡಿದ್ರಿ?" ಅಂತ. ನಾಲ್ಕು ಹೆಸರು ಹೇಳಿದರೆ ಟ್ರಿಪ್ ಚೆನ್ನಾಗಾಯಿತು. ಒಂದೇ ಹೆಸರು ಹೇಳಿದರೆ "ಅಯ್ಯೋ, ಅಲ್ಲೇ ಹತ್ರ ಇತ್ತಲ್ಲ, ಅದನ್ನ ಬಿಟ್ಟು ಬಂದ್ರಾ?" ಇಲ್ಲಿ ಸೋಮವಾರ ಕ್ಲಾಸಿನಲ್ಲಿ ಯಾರೂ ಹಾಗೆ ಕೇಳಲಿಲ್ಲ. "ಮಳೆ ಬಂತಾ?" ಅಂದರು. "ನದಿ ನೀರು ತಣ್ಣಗಿತ್ತಾ?" ಅಂದರು. ಅಲ್ಲಿ ಹೊತ್ತು ಕಳೆದವನಿಗೆ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆಗಳು. ನನಗೆ ಇದೇ ಸರಿ ಅನಿಸುತ್ತದೆ. ಊರಿಗೆ ಫೋನ್ ಮಾಡಿದಾಗೆಲ್ಲ ತಮ್ಮನ ಹತ್ತಿರ ಇದನ್ನೇ ಹೇಳಿ ಜಗಳ ಆಡಿದ್ದೀನಿ. ಒಂದೇ ಜಾಗಕ್ಕೆ ಹೋಗು, ಬೆಳಗಿಂದ ಸಂಜೆ ತನಕ ಅಲ್ಲೇ ಇರು ಅಂತ.

ಒಂದು ಸಲ ಅವನು ಸಿಟ್ಟಿನಿಂದ ಅಂದ. "ನಿಂಗೇನಪ್ಪ, ಈ ವಾರ ಬಿಟ್ರೆ ಮುಂದಿನ ವಾರ ಹೋಗ್ತೀಯ."

ಅದಕ್ಕೆ ಆಗ ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ. ಡ್ರೆಸ್ಡೆನ್‌ನಿಂದ ರಾಟೆನ್‌ಗೆ ಅರ್ಧ ಗಂಟೆಗೊಂದು ರೈಲು. ನಮಗೆ ಸೆಮಿಸ್ಟರ್ ಟಿಕೆಟ್ ಮೊದಲೇ ಇತ್ತು, ಅದರಲ್ಲಿ ಈ ಸೀಮೆಯೆಲ್ಲ ಸುತ್ತಬಹುದಿತ್ತು. 2023ರ ಮೇ 1ರಿಂದ ಡಾಯ್ಚ್‌ಲ್ಯಾಂಡ್ ಟಿಕೆಟ್ ಬಂತು. ಆಗ ತಿಂಗಳಿಗೆ 49 ಯೂರೋ ಕೊಟ್ಟರೆ ದೂರದ ವೇಗದ ರೈಲು ಬಿಟ್ಟು ದೇಶದ ಎಲ್ಲ ಲೋಕಲ್ ರೈಲು, ಬಸ್ಸು, ಟ್ರಾಮು ಹತ್ತಬಹುದಿತ್ತು. 2025ರ ಜನವರಿಯಲ್ಲಿ ಅದು 58 ಯೂರೋ ಆಯಿತು, ಆಗಲೂ ನಾವು ಬಿಡಲಿಲ್ಲ. ಕೋಟೆ ನೋಡಲು ಆಗಲಿಲ್ಲವಾ, ಮುಂದಿನ ಶನಿವಾರ ಬಂದರಾಯಿತು. ಮಳೆ ಬಂತಾ, ಭಾನುವಾರ ಬಂದರಾಯಿತು. ನನ್ನ ಗೆಳತಿ ಅಷ್ಟು ಸಲೀಸಾಗಿ "ಮುಂದಿನ ಸಲ" ಅಂದಿದ್ದು ಅವಳ ಜೇಬಿನಲ್ಲಿ ಆ ಮುಂದಿನ ಸಲದ ಟಿಕೆಟ್ ಇದ್ದದ್ದರಿಂದ.

ಅಪ್ಪನ ಬಾಯಲ್ಲಿ ಆ ಮಾತು ನಾನು ಕೇಳಿಯೇ ಇರಲಿಲ್ಲ. ಹೇಗೆ ಹೇಳಿಯಾರು? ಮಂಡಿಯಲ್ಲಿ ರಜೆ ಕೇಳಿ, ಮೂರು ಮನೆಯವರ ರಜೆ ಹೊಂದಿಸಿ, ಟಿಟಿಯವರ ಹತ್ತಿರ ಕಿಲೋಮೀಟರಿಗೆ ಎಷ್ಟು ಅಂತ ಚೌಕಾಸಿ ಮಾಡಿ, ಮಂಡಿನೋವಿನ ಅಜ್ಜಿಯನ್ನು ಎರಡು ಕೈಯಲ್ಲಿ ಎತ್ತಿ ಹತ್ತಿಸಬೇಕಿತ್ತು. ಅಜ್ಜಿ ಶ್ರವಣಬೆಳಗೊಳಕ್ಕೆ ಬಂದದ್ದು ಅದೇ ಮೊದಲು, ಅದೇ ಕೊನೆ. ಬೆಟ್ಟ ಹತ್ತಲು ಅವಳಿಗೆ ಆಗಲಿಲ್ಲ. ಕೆಳಗೆ ಕಲ್ಯಾಣಿಯ ಹತ್ತಿರ ಕೂತು, ಮೇಲೆ ಕಾಣುವ ಗೊಮ್ಮಟನ ತಲೆಗೆ ಕೈ ಮುಗಿದಳು. ಅವತ್ತು ಅಪ್ಪ ಒಂದೇ ಜಾಗ ಸಾಕು ಅಂದಿದ್ದರೆ ಅವಳು ಅದನ್ನೂ ನೋಡುತ್ತಿರಲಿಲ್ಲ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ್ದು ಅವಳಿಗಾಗಿ ಅಂತ ಈಗ ಅನಿಸುತ್ತದೆ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ.

ಇನ್ನೂ ಒಂದು ಮಾತು ಹೇಳಬೇಕು. ಆ ಟಿಟಿಯೊಳಗೆ ನಾವು ಕೂತಿದ್ದೆವು. ಹದಿನಾಲ್ಕು ಜನ, ತೊಡೆಯ ಮೇಲೊಂದು ಮಗು, ಅಂತ್ಯಾಕ್ಷರಿ, ಅಜ್ಜಿಯ ದೇವರನಾಮ, ಅರಸೀಕೆರೆ ದಾಟುವಷ್ಟರಲ್ಲಿ ಖಾಲಿಯಾದ ಕೋಡುಬಳೆ ಡಬ್ಬ. ಮರದ ಕೆಳಗೆ ಗಾಡಿ ನಿಲ್ಲಿಸಿದಾಗ ಅಮ್ಮ ಮೊದಲು ಡ್ರೈವರಿಗೆ ಬಡಿಸಿ ಆಮೇಲೆ ನಮಗೆ ಬಡಿಸುತ್ತಿದ್ದಳು. ಇಲ್ಲಿ ಎಷ್ಟೋ ಶನಿವಾರ ಹೋಗಿದ್ದೀನಿ. ಅಜ್ಜಿಯನ್ನು ಕರೆದುಕೊಂಡು ಬಂದ ಗೆಳೆಯರನ್ನು ನೋಡಿಲ್ಲ. ಅವರವರ ಚೀಲದಿಂದ ಅವರವರ ಬ್ರೆಡ್ಡು, ಅವರವರ ಸೇಬು. ಅದನ್ನು ನೋಡಿ ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ, ಚಿತ್ರಾನ್ನ ನಾಲ್ಕು ಜನಕ್ಕಾಗುವಷ್ಟೇ ಕಲಸುತ್ತೇನೆ.

ನಮಗೆ 49 ಯೂರೋ ಟಿಕೆಟ್ ಬಂದ ಮರು ತಿಂಗಳೇ, ಜೂನ್ 11ಕ್ಕೆ, ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಪುಕ್ಕಟೆ. ಬಸ್ಸು ತುಂಬಿ ತುಳುಕುತ್ತಿದೆ, ನಿಲ್ಲೋಕೂ ಜಾಗ ಇಲ್ಲ ಅಂತ ತಮ್ಮ ಬೈಯುತ್ತಿದ್ದ. ಅಮ್ಮ ಮಾತ್ರ ಬೀದಿಯ ಮೂವರು ಹೆಂಗಸರನ್ನು ಕಟ್ಟಿಕೊಂಡು, ಆಧಾರ್ ಕಾರ್ಡ್ ತೋರಿಸಿ, ಹೊರಟೇಬಿಟ್ಟಳು. ಅಲ್ಲಿಯ ತನಕ ಅಪ್ಪನಿಲ್ಲದೆ ತುಮಕೂರಿಗೂ ಹೋದವಳಲ್ಲ.

ಆಮೇಲೊಂದು ಭಾನುವಾರ ಫೋನ್ ಮಾಡಿದರೆ ದನಿಯಲ್ಲೇ ಏನೋ ಖುಷಿ. ಅರಸೀಕೆರೆಯಲ್ಲಿ ಬಸ್ ಬದಲಾಯಿಸಿ ಬೇಲೂರಿಗೆ ಹೋಗಿಬಂದಿದ್ದಳು. ಹಳೇಬೀಡಿಗೆ? ಇಲ್ಲ, ಬೇಲೂರಿಗೆ ಮಾತ್ರ.

"ಅಲ್ಲಿ ಒಬ್ಳು ಕನ್ನಡಿ ಹಿಡ್ಕೊಂಡು ನಿಂತಿದ್ದಾಳೆ ನೋಡು, ಅವಳ ಮುಂದೆ ಎಷ್ಟೊತ್ತು ನಿಂತಿದ್ವೋ. ಆಮೇಲೆ ನೆರಳಲ್ಲಿ ಕೂತ್ಕೊಂಡ್ವಿ. ಯಾರೂ ಬಾ ಬಾ ಅಂತ ಕರೆಯೋರಿರ್ಲಿಲ್ಲ."

"ಅಪ್ಪನ್ನೂ ಕರ್ಕೊಂಡು ಹೋಗ್ಬೇಕಿತ್ತಮ್ಮ" ಅಂದೆ.

"ಅವರಿಗೆ ದುಡ್ಡು ಕೊಡ್ಬೇಕಲ್ಲೋ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡು, ಮುಂದಿನ ಸಲ ಕರ್ಕೊಂಡು ಹೋಗ್ತೀನಿ" ಅಂದಳು.